ಯುದ್ಧ ಸ್ಮರಣೆಯ ಚಿತ್ರಸ್ಪರ್ಧೆಗೆ ಪೇಂಟಿಂಗ್ ಕಳಿಸೋರು ಇದನ್ನ ಓದ್ಕೊಂಡು ಶುರು ಮಾಡಿ

ಜೂನ್ ಬಂತು ಅಂದ್ರೆ ನನ್ನ ಫೋನ್ ಹೊಡ್ಕೊಳೋಕೆ ಶುರುವಾಗುತ್ತೆ. ಜುಲೈ 26ರ ಕಾರ್ಗಿಲ್ ವಿಜಯ ದಿವಸಕ್ಕೆ ಸ್ಕೂಲು, ಕಾಲೇಜು, ಎನ್‌ಸಿಸಿ, ಅಪಾರ್ಟ್‌ಮೆಂಟ್ ಅಸೋಸಿಯೇಷನ್ನು ಎಲ್ಲಾ ಕಡೆ ಚಿತ್ರಸ್ಪರ್ಧೆ ಇಡ್ತಾರಲ್ಲ, "ಮಿಸ್, ಮಗಳು ಹೆಸರು ಕೊಟ್ಬಿಟ್ಟಿದಾಳೆ, ಏನ್ ಬಿಡಿಸ್ಲಿ ಹೇಳಿ" ಅಂತ ಪೇರೆಂಟ್ಸ್ ಕೇಳ್ತಾರೆ, ಆಮೇಲೆ ಸೆಪ್ಟೆಂಬರ್ 23ಕ್ಕೆ ಮೊದಲ ಮಹಾಯುದ್ಧದ ಹೈಫಾ ದಿನ, ಡಿಸೆಂಬರ್ 7ಕ್ಕೆ ಧ್ವಜ ದಿನಾಚರಣೆ, 16ಕ್ಕೆ 1971ರ ಯುದ್ಧದ ವಿಜಯ ದಿವಸ, ಹೀಗೆ ವರ್ಷದ ಕೊನೆವರೆಗೂ ಅದೇ ಪ್ರಶ್ನೆ. ನಾನು ಹಲಸೂರು ಕೆರೆ ಹತ್ರ ಶನಿವಾರ ಭಾನುವಾರ ಡ್ರಾಯಿಂಗ್ ಕ್ಲಾಸ್ ಮಾಡ್ತೀನಿ, ಎಂಇಜಿ ಸೆಂಟರ್ (ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನ ಕೇಂದ್ರ) ನಮ್ಗೆ ಅಷ್ಟು ದೂರ ಏನಿಲ್ಲ, ಹಾಗಾಗಿ ಮಿಲ್ಟ್ರಿಯವರ ಮನೆ ಮಕ್ಳೂ ಬರ್ತಾರೆ, ಅವರ ಮುಂದೆ ಕೂತು ಈ ವಿಷ್ಯ ಹೇಳ್ಕೊಡುವಾಗ ಯಾವತ್ತೂ ಹಗುರವಾಗಿ ಮಾತಾಡಕ್ಕೆ ಆಗಲ್ಲ. ಎಲ್ಲರಿಗೂ ಬೇರೆ ಬೇರೆ ವಾಯ್ಸ್ ಮೆಸೇಜ್ ಕಳ್ಸೋ ಬದ್ಲು ಒಂದೇ ಕಡೆ ಬರೀತಿದೀನಿ. ಮಕ್ಳಿಗೂ ಆಗುತ್ತೆ, ದೊಡ್ಡವರ ಓಪನ್ ಕ್ಯಾಟಗರಿಗೂ ಆಗುತ್ತೆ.

"ಏನ್ ಬಿಡಿಸ್ಲಿ" ಅಂತ ಕೇಳಿದೋರಿಗೆಲ್ಲ ನಾನು ವಾಪಸ್ ಒಂದೇ ಪ್ರಶ್ನೆ ಕೇಳೋದು: ಯಾರನ್ನ ನೆನೆಸ್ಕೊಂಡು ಬಿಡಿಸ್ತಿದೀರಾ? ಸ್ಪರ್ಧೆ ಹೆಸರಲ್ಲೇ ಸ್ಮರಣೆ ಅಂತಿದೆ. ಟ್ಯಾಂಕು, ಬಾಂಬು, ಹೊಗೆ, ಮೇಲೆ ಒಂದು ದೊಡ್ಡ ಬಾವುಟ, ಇಷ್ಟು ಹಾಕಿದ್ರೆ ಯುದ್ಧದ ಚಿತ್ರ ಆಗುತ್ತೆ, ಆದ್ರೆ ಅದ್ರಲ್ಲಿ ಪ್ರಾಣ ಬಿಟ್ಟೋರು ಯಾರು ಅಂತ ಕಾಣಲ್ಲ. ಒಬ್ಬ ಮನುಷ್ಯನನ್ನ ಹಿಡ್ಕೊಳಿ, ಒಬ್ಬರು ಸಾಕು. ಅವರು ನಿಮ್ಮ ಮನೆಯೋರೇ ಆಗಿರ್ಬೋದು, ನಿಮ್ಮ ಬೀದಿಗೆ ಹೆಸರಿಟ್ಟಿರೋ ಯೋಧ ಆಗಿರ್ಬೋದು, ಸಾವಿರ ವರ್ಷದ ಹಿಂದೆ ಸತ್ತೋರೂ ಆಗಿರ್ಬೋದು.

ಅದಕ್ಕೂ ಮುಂಚೆ ರೂಲ್ಸ್ ಓದಿ. ಇದು ಬೇಜಾರಿನ ಕೆಲ್ಸ ಅನ್ಸುತ್ತೆ ಆದ್ರೆ ಒಳ್ಳೊಳ್ಳೆ ಚಿತ್ರಗಳು ಜಡ್ಜ್ ಟೇಬಲ್‌ಗೇ ಹೋಗದೆ ವಾಪಸ್ ಬರೋದು ಇಲ್ಲೇ. ನಂದೇ ಒಂದು ಹಾಗಾಯ್ತು. ಕಾಲೇಜಲ್ಲಿದ್ದಾಗ ಒಂದು ಸಂಸ್ಥೆ ಇಟ್ಟಿದ್ದ ಸ್ಪರ್ಧೆಗೆ ತಿಂಗಳು ಕೂತು ಬಿಡಿಸಿದ್ದೆ, ಬಲಗಡೆ ಕೆಳಗೆ ಸೈನ್ ಹಾಕಿ ಗಾಜಿನ ಫ್ರೇಮ್ ಹಾಕಿಸಿ ಕೊಟ್ಟೆ, ಎರಡೂ ಅವರ ರೂಲ್ಸಲ್ಲಿ ಬೇಡ ಅಂತಿತ್ತು, ಮುಂದುಗಡೆ ಹೆಸರು ಇದ್ರೆ ಯಾರದ್ದು ಅಂತ ಜಡ್ಜ್‌ಗೆ ಗೊತ್ತಾಗ್ಬಿಡುತ್ತಲ್ಲ ಅದಕ್ಕೆ. ಚಿತ್ರ ಯಾರೂ ನೋಡಲೇ ಇಲ್ಲ. ಅವತ್ತು ಅಳು ಬಂದಿತ್ತು. ಅದಾದ್ಮೇಲೆ ರೂಲ್ಸ್ ಪ್ರಿಂಟ್ ತಗೊಂಡು ಹೈಲೈಟರಲ್ಲಿ ಗೀಟು ಹಾಕೋದು ಅಭ್ಯಾಸ ಆಯ್ತು: ವಯಸ್ಸು ಯಾವ ತಾರೀಖಿಗೆ ಲೆಕ್ಕ, ಸೈಜ್ ಎಷ್ಟು, ಯಾವ ಮೀಡಿಯಂ (ಅಂದ್ರೆ ಯಾವ ಥರದ ಬಣ್ಣ), ಅಕ್ಷರ ಬರೀಬೋದಾ, ಫ್ರೇಮ್ ಬೇಕಾ ಬೇಡ್ವಾ, ಡಿಜಿಟಲ್ ನಡೆಯುತ್ತಾ, ಒಬ್ಬರಿಗೆ ಎಷ್ಟು ಎಂಟ್ರಿ, ಚಿತ್ರ ವಾಪಸ್ ಕೊಡ್ತಾರಾ.

ಒಂದೊಂದು ಸ್ಪರ್ಧೆದು ಒಂದೊಂದು ಲೆಕ್ಕ ಇರುತ್ತೆ. ಕೇಂದ್ರದ ರಕ್ಷಣಾ ಇಲಾಖೆ ಮತ್ತು ಶಿಕ್ಷಣ ಇಲಾಖೆ ಸೇರಿ 2021ರಿಂದ ನಡೆಸ್ತಿರೋ ವೀರಗಾಥಾ ಇದ್ಯಲ್ಲ, ಅದು 3ರಿಂದ 12ನೇ ಕ್ಲಾಸ್ ಮಕ್ಳಿಗೆ, ಶೌರ್ಯ ಪ್ರಶಸ್ತಿ ತಗೊಂಡೋರ ಬಗ್ಗೆ ಚಿತ್ರ, ಕವನ, ಪ್ರಬಂಧ ಏನಾದ್ರೂ ಮಾಡ್ಬೋದು, ಆದ್ರೆ ಸ್ಕೂಲ್ ಮೂಲಕನೇ ಹೋಗ್ಬೇಕು, ಹಾಗಾಗಿ ಕ್ಲಾಸ್ ಟೀಚರ್ ಹತ್ರ ಮೊದಲೇ ಮಾತಾಡಿ. ರಾಷ್ಟ್ರಮಟ್ಟದಲ್ಲಿ ಗೆದ್ದ ಮಕ್ಳಿಗೆ 10,000 ರೂಪಾಯಿ ಕೊಡ್ತಾರೆ, ದೆಹಲಿಗೆ ಕರೀತಾರೆ. ಲಯನ್ಸ್ ಕ್ಲಬ್‌ನವರ ಶಾಂತಿ ಪೋಸ್ಟರ್ ಸ್ಪರ್ಧೆ 11ರಿಂದ 13 ವರ್ಷದೋರಿಗೆ, ಅದ್ರಲ್ಲಿ ಚಿತ್ರ 33 ಇಂಟು 50 ಸೆಂಟಿಮೀಟರ್‌ಗಿಂತ ಚಿಕ್ಕದಿರಬಾರ್ದು, 50 ಇಂಟು 60ಕ್ಕಿಂತ ದೊಡ್ಡದಿರಬಾರ್ದು, ಮುಂಭಾಗದಲ್ಲಿ ಯಾವ ಭಾಷೆಯ ಒಂದಕ್ಷರನೂ ಇರಬಾರ್ದು, ಸಂಖ್ಯೆನೂ ಇರಬಾರ್ದು, ಫ್ರೇಮ್ ಇಲ್ಲ, ಲ್ಯಾಮಿನೇಶನ್ ಇಲ್ಲ. "ಜೈ ಜವಾನ್" ಅಂತ ಬರೆದ್ರೆ ಮುಗೀತು, ಎಂಟ್ರಿ ಹೋಯ್ತು. ಹೋದ ವರ್ಷದ ರೂಲ್ಸ್ ಈ ವರ್ಷಕ್ಕೂ ಇರುತ್ತೆ ಅಂದ್ಕೋಬೇಡಿ, ಹೊಸದನ್ನ ತಗೊಂಡು ಓದಿ.

ಈಗ ಯಾರನ್ನ ಬಿಡಿಸೋದು ಅನ್ನೋದಕ್ಕೆ ಬರೋಣ. ಗೂಗಲ್‌ನಲ್ಲಿ ಹುಡುಕೋ ಮುಂಚೆ ಕಸ್ತೂರ್ಬಾ ರಸ್ತೆಯ ಸರ್ಕಾರಿ ಮ್ಯೂಸಿಯಂಗೆ ಒಂದ್ಸಲ ಹೋಗಿ, ತೆರೆದಿದ್ಯಾ ಅಂತ ಕೇಳ್ಕೊಂಡು ಹೋಗಿ. ಅಲ್ಲಿ ಬೇಗೂರಿನ ವೀರಗಲ್ಲಿದೆ, ಆನೆ, ಕುದುರೆ, ಬಿಲ್ಲು ಹಿಡಿದೋರು ಎಲ್ಲಾ ಒತ್ತೊತ್ತಾಗಿ ಕೆತ್ತಿರೋದು. ಆತಕೂರಿನ ಕಲ್ಲೂ ಅಲ್ಲೇ ಇದೆ, ಕ್ರಿ.ಶ. 949-50ರದ್ದು, ಚೋಳರ ಜೊತೆ ತಕ್ಕೋಲದ ಯುದ್ಧ ಆದ್ಮೇಲೆ ಮಣಲೇರ ಅನ್ನೋ ವೀರ ರಾಷ್ಟ್ರಕೂಟರ ಮೂರನೇ ಕೃಷ್ಣನ ಹತ್ರ ಬಹುಮಾನವಾಗಿ ಕಾಳಿ ಅನ್ನೋ ನಾಯಿನ ಕೇಳ್ತಾನೆ, ಆ ನಾಯಿ ಹಂದಿ ಜೊತೆ ಹೋರಾಡಿ ಸಾಯುತ್ತೆ, ಹಂದಿನೂ ಸಾಯುತ್ತೆ, ಅದಕ್ಕೊಂದು ಕಲ್ಲು ನೆಡಿಸ್ತಾರೆ. ನಾಯಿ ಹೆಸರು ಇವತ್ತಿಗೂ ನಮ್ಗೆ ಗೊತ್ತಿದೆ! ಕಲ್ಲಿನ ಮುಂದೆ ನಿಂತು ನಾಯಿ ಹಂದಿ ಮೇಲೆ ಬಿದ್ದಿರೋ ರೀತಿ ನೋಡಿ. ಬೇಗೂರಿನ ದೇವಸ್ಥಾನದಲ್ಲಿರೋ ಸುಮಾರು ಕ್ರಿ.ಶ. 890ರ ಶಾಸನದಲ್ಲಿ "ಬೆಂಗಳೂರು ಕಾಳಗ" ಅಂತ ಬರುತ್ತೆ, ನಮ್ಮೂರ ಹೆಸರು ಅಷ್ಟು ಹಿಂದಕ್ಕೆ ಸಿಗೋದೇ ಒಂದು ಕಾಳಗದಲ್ಲಿ ಸತ್ತೋರನ್ನ ನೆನೆಯೋ ಕಲ್ಲಲ್ಲಿ.

ಸಾಮಾನ್ಯವಾಗಿ ವೀರಗಲ್ಲನ್ನ ಕೆಳಗಿಂದ ಮೇಲಕ್ಕೆ ಓದ್ಬೇಕು. ಕೆಳಗಿನ ಪಟ್ಟಿಯಲ್ಲಿ ಅವನು ಹೇಗೆ ಸತ್ತ ಅನ್ನೋದು, ಮಧ್ಯದಲ್ಲಿ ಅಪ್ಸರೆಯರು ಕರ್ಕೊಂಡು ಹೋಗೋದು, ಮೇಲೆ ಶಿವನ ಮುಂದೆ ಕೂತಿರೋದು, ತುದಿಯಲ್ಲಿ ಸೂರ್ಯ ಚಂದ್ರ, ಅವು ಇರೋವರೆಗೂ ಇವನ ಹೆಸರು ಇರ್ಲಿ ಅಂತ. ಚಿತ್ರದಲ್ಲಿ ಯಾವುದು ಎಲ್ಲಿ ಬರ್ಬೇಕು ಅನ್ನೋ ಕಂಪೋಸಿಷನ್ ಹೇಳ್ಕೊಡಕ್ಕೆ ನನಗೆ ಇದಕ್ಕಿಂತ ಒಳ್ಳೆ ಪಾಠ ಸಿಕ್ಕಿಲ್ಲ. ಒಂದು ಎ3 ಶೀಟನ್ನ ಹೀಗೆ ಮೂರು ಪಟ್ಟಿ ಮಾಡ್ಕೊಂಡು ಇವತ್ತಿನ ಸೈನಿಕನ ಕಥೆ ಹೇಳ್ಬೋದು, ನನ್ನ ಸ್ಟೂಡೆಂಟ್ ಒಬ್ಬಳು ಕೆಳಗೆ ಹಿಮ, ಮಧ್ಯ ಹೊತ್ಕೊಂಡು ಬರ್ತಿರೋ ಜೊತೆಗಾರ ಸೈನಿಕರು, ಮೇಲೆ ಅವರ ಊರಿನ ಹೊಲ ಬಿಡಿಸಿದ್ಳು, ಧಾರವಾಡ ಜಿಲ್ಲೆ ಬೆಟದೂರಿನ ಹನುಮಂತಪ್ಪ ಕೊಪ್ಪದ ಅವರನ್ನ ಮನಸ್ಸಲ್ಲಿ ಇಟ್ಕೊಂಡು, 2016ರಲ್ಲಿ ಸಿಯಾಚಿನ್‌ನಲ್ಲಿ ಹಿಮದಡಿ ಆರು ದಿನ ಇದ್ದು ಆಮೇಲೆ ತೀರ್ಕೊಂಡ್ರಲ್ಲ ಅವರು. ಆ ಚಿತ್ರದಲ್ಲಿ ಒಂದು ಗನ್ನೂ ಇರ್ಲಿಲ್ಲ.

ಮನೆಯಲ್ಲೇ ಒಂದು ವಸ್ತು ಇದ್ರೆ ಇನ್ನೂ ಒಳ್ಳೇದು. ಮಿಲ್ಟ್ರಿಯಲ್ಲಿದ್ದ ನಮ್ಮ ದೊಡ್ಡಪ್ಪ 1971ರಲ್ಲಿ ತೀರ್ಕೊಂಡೋರು, ನಾನು ಹುಟ್ಟೇ ಇರ್ಲಿಲ್ಲ. ಅವರದ್ದೊಂದು ಕಪ್ಪು ಕಬ್ಬಿಣದ ಟ್ರಂಕು ಊರಲ್ಲಿ ಅಜ್ಜಿ ಮಂಚದ ಕೆಳಗಿತ್ತು, ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ ನಂಬರು, ಹೆಸರು. ಒಳಗೆ ನುಸಿಗುಳಿಗೆ ವಾಸನೆ, ಒಂದು ಇನ್‌ಲ್ಯಾಂಡ್ ಲೆಟರು ಮಡಿಕೆ ಇರೋ ಜಾಗದಲ್ಲೆಲ್ಲ ಇಂಕ್ ಹೋಗಿರೋದು, ಒಂದು ಆಲಿವ್ ಗ್ರೀನ್ ಜರ್ಸಿ. ಜರ್ಸಿಯ ಎಡಗೈ ಮೊಣಕೈ ಹತ್ರ ಹರಿದಿದ್ದನ್ನ ಬೇರೆ ಹಸಿರು ದಾರದಲ್ಲಿ ಹೊಲ್ದಿದ್ರು, ದೊಡ್ಡಪ್ಪಾನೇ ಹೊಲ್ಕೊಂಡಿದ್ದಂತೆ, ಹೊಲಿಗೆ ಒಂದು ಉದ್ದ ಒಂದು ಗಿಡ್ಡ. ಅಜ್ಜಿ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುವಾಗ ಎಲ್ಲರೂ ಹೊಸ ಬಟ್ಟೆ ಇಟ್ಟ ಹಾಗೆ ಬಾಳೆಎಲೆ ಪಕ್ಕ ಆ ಜರ್ಸಿನ ಮಡಚಿ ಇಡೋರು. ಹೊಸದು ಇಡಿ ಅಂದ್ರೆ ಬೇಡ ಅನ್ನೋರು, ಅವನಿಗೆ ಇದೇ ಬೆಚ್ಚಗಿರುತ್ತೆ ಅನ್ನೋರು. ನಾನು ಮೂವತ್ತು ದಾಟಿದ್ಮೇಲೆ ಬಿಡಿಸಿದ್ದು ಅದನ್ನೇ: ಬಾಳೆಎಲೆ, ಅನ್ನ, ವಡೆ, ಪಕ್ಕದಲ್ಲಿ ಆ ಜರ್ಸಿ, ಮೊಣಕೈ ಹೊಲಿಗೆ ಮೇಲಕ್ಕೆ ಕಾಣೋ ಹಾಗೆ. ಬೇರೇನೂ ಇಲ್ಲ. ಬಹುಮಾನ ಎರಡನೇದು ಬಂತು, ಆದ್ರೆ ಹಾಲ್‌ನಲ್ಲಿ ವಯಸ್ಸಾದ ಒಬ್ಬ ಸುಬೇದಾರರು ಅದರ ಮುಂದೆ ತುಂಬಾ ಹೊತ್ತು ನಿಂತಿದ್ರು, ನನ್ನತ್ರ ಬಂದು ಅದು ಯಾವ ಯೂನಿಟ್ ಅಂತ ಅಷ್ಟೇ ಕೇಳಿದ್ರು.

ನಿಮ್ಮ ಮನೇಲಿ ಮಿಲ್ಟ್ರಿಯವರು ಯಾರೂ ಇಲ್ಲ ಅಂದ್ರೆ ಪರ್ವಾಗಿಲ್ಲ, ಬೆಂಗಳೂರಿನ ಪ್ರತಿ ಲೇಔಟಲ್ಲೂ ರಿಟೈರ್ಡ್ ಸೈನಿಕರಿದ್ದಾರೆ. ಹೋಗಿ ಕೂತ್ಕೊಂಡು ಮಾತಾಡ್ಸಿ. "ಯುದ್ಧದ ಬಗ್ಗೆ ಹೇಳಿ ಅಂಕಲ್" ಅಂತ ಶುರು ಮಾಡಬೇಡಿ, ನಿಮ್ಮ ಜೊತೆ ಇದ್ದೋರ ಬಗ್ಗೆ ಹೇಳಿ ಅಂತ ಕೇಳಿ, ಅವರು ಏನು ತಿನ್ನಕ್ಕೆ ಇಷ್ಟ ಪಡ್ತಿದ್ರು, ಯಾವ ಹಾಡು ಗುನುಗ್ತಿದ್ರು. ಅವರು ಸುಮ್ನಾದ್ರೆ ನೀವೂ ಸುಮ್ನಿರಿ. ಮನೆಯೋರ ದುಃಖವನ್ನ ಚಿತ್ರ ಮಾಡೋದಾದ್ರೆ ಅವರನ್ನ ಕೇಳಿ ಮಾಡಿ. ಪೇಪರಲ್ಲಿ ಬಂದ ಫೋಟೋ, ಶವಪೆಟ್ಟಿಗೆ ಮೇಲೆ ತಲೆಯಿಟ್ಟು ಅಳ್ತಿರೋ ಹೆಂಡ್ತಿ, ಏನೂ ಅರ್ಥ ಆಗ್ದೆ ಸಲ್ಯೂಟ್ ಹೊಡೀತಿರೋ ಮಗು, ಅದನ್ನ ಹಾಗೇ ಕಾಪಿ ಮಾಡೋರು ಜಾಸ್ತಿ ಇದ್ದಾರೆ, ದಯವಿಟ್ಟು ಬೇಡ. ಫೋಟೋ ಹಕ್ಕು ಬೇರೆಯೋರದ್ದು ಅನ್ನೋದು ಒಂದು, ಅದಕ್ಕಿಂತ ಆ ಹೆಣ್ಮಗಳು ನಿಮ್ಮ ಬಹುಮಾನಕ್ಕೋಸ್ಕರ ಅತ್ತಿದ್ದಲ್ಲ.

ಊರೊಳಗೆ ಹೋಗಿ ಸ್ಕೆಚ್ ಮಾಡ್ಬೋದಾದ ಜಾಗಗಳು ಬೇಕಾದಷ್ಟಿವೆ. ನೆಹರು ತಾರಾಲಯದ ಹತ್ರ ಇರೋ ರಾಷ್ಟ್ರೀಯ ಸೈನಿಕ ಸ್ಮಾರಕದಲ್ಲಿ 75 ಅಡಿಯ ಏಕಶಿಲಾ ವೀರಗಲ್ಲಿದೆ, ದೇವನಹಳ್ಳಿ ಕಡೆಯ ಕೊಯಿರಾ ಕಲ್ಲು, ಸುಮಾರು 450 ಟನ್ ತೂಕ, ಅದನ್ನ ಟ್ರೈಲರ್ ಮೇಲೆ ಊರೊಳಗೆ ತಂದಿದ್ದು. ಬುಡದಲ್ಲಿ ನಿಂತು ಮೇಲೆ ನೋಡ್ತಾ ಬಿಡಿಸಿದ್ರೆ ಪರ್ಸ್ಪೆಕ್ಟಿವ್ ಕಷ್ಟ ಆಗುತ್ತೆ, ಸ್ವಲ್ಪ ದೂರ ಹೋಗಿ. ಅಲ್ಲೇ ಕಲ್ಲಿನ ಮೇಲೆ ಹುತಾತ್ಮರ ಹೆಸರುಗಳಿವೆ, ಒಂದು ಹೆಸರನ್ನ ಆರಿಸ್ಕೊಂಡು ಬನ್ನಿ, ಅಲ್ಲಿಂದ ಚಿತ್ರ ಶುರು ಮಾಡಿ. ಬ್ರಿಗೇಡ್ ರೋಡು ರೆಸಿಡೆನ್ಸಿ ರೋಡು ಸೇರೋ ಜಾಗದಲ್ಲಿ ಮೊದಲ ಮಹಾಯುದ್ಧದಲ್ಲಿ ಸತ್ತ ಮದ್ರಾಸ್ ಪಯೋನಿಯರ್ಸ್ ಅನ್ನೋ ಸೇನಾ ಪಡೆಯವರ ಸ್ಮಾರಕ ಇದೆ, ದಿನಾ ಸಾವಿರಾರು ಜನ ಅದರ ಪಕ್ಕದಲ್ಲೇ ಸಿಗ್ನಲ್‌ಗೆ ಕಾಯ್ತಾರೆ, ಆ ನೂಕುನುಗ್ಗಲು, ಆಟೋ, ಅದರ ನಡುವೆ ಆ ಕಲ್ಲು, ಇದೇ ಒಂದು ಚಿತ್ರ ಅಲ್ವಾ. ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. 1918ರ ಸೆಪ್ಟೆಂಬರ್ 23ಕ್ಕೆ ಹೈಫಾದಲ್ಲಿ ಮೈಸೂರು ಮತ್ತು ಜೋಧಪುರದ ಕುದುರೆ ಸವಾರರು ಭರ್ಜಿ ಹಿಡ್ಕೊಂಡು ಮಷಿನ್ ಗನ್ ಎದುರು ನುಗ್ಗಿದ್ರು, ಊರು ಅವತ್ತೇ ಕೈಗೆ ಬಂತು. ಕುದುರೆ ಬಿಡಿಸೋ ಆಸೆ ಇರೋರು ಇದನ್ನ ತಗೊಳಿ, ಆದ್ರೆ ಕುದುರೆ ನಿಜವಾಗ್ಲೂ ನೋಡಿ ಬಿಡಿಸಿ, ಓಡುವಾಗ ಕಾಲು ಹೇಗೆ ಮಡಚುತ್ತೆ ಅನ್ನೋದು ನೆನಪಿಂದ ಬರಲ್ಲ.

ಮೊದಲ ಮಹಾಯುದ್ಧ ಅಂದಾಗ ಇನ್ನೊಂದು ಹೇಳ್ಬೇಕು. ಆ ಯುದ್ಧ ನಿಂತ ದಿನ ಅಂತ ನೆನೆಯೋ ನವೆಂಬರ್ 11ರ ಸ್ಪರ್ಧೆಗಳಿಗೆ ನಮ್ಮ ಮಕ್ಳು ಕೆಂಪು ಪಾಪಿ ಹೂವು ಬಿಡಿಸ್ಕೊಂಡು ಬರ್ತಾರೆ, ಇಂಟರ್ನೆಟ್ಟಲ್ಲಿ ಅದೇ ಸಿಗೋದು. ಅದು ಬೆಲ್ಜಿಯಂ, ಫ್ರಾನ್ಸ್ ಕಡೆಯ ಯುದ್ಧಭೂಮಿಯಲ್ಲಿ ಅರಳಿದ ಹೂವು, ಅಲ್ಲಿಯೋರಿಗೆ ಅದಕ್ಕೆ ಅರ್ಥ ಇದೆ. ಆ ಯುದ್ಧಕ್ಕೆ ನಮ್ಮ ದೇಶದಿಂದ 13 ಲಕ್ಷಕ್ಕೂ ಜಾಸ್ತಿ ಜನ ಹೋದ್ರು, ಸುಮಾರು 74,000 ಜನ ವಾಪಸ್ ಬರ್ಲಿಲ್ಲ. ಅವರ ನೆನಪಿಗೆ ದೆಹಲಿಯ ಯುನೈಟೆಡ್ ಸರ್ವೀಸ್ ಇನ್‌ಸ್ಟಿಟ್ಯೂಷನ್ ಅನ್ನೋ ರಕ್ಷಣಾ ಅಧ್ಯಯನ ಸಂಸ್ಥೆಯವರು ಆರಿಸಿದ್ದು ಚೆಂಡುಹೂವು. ಕೆ.ಆರ್. ಮಾರ್ಕೆಟ್ಟಿಗೆ ಬೆಳಗ್ಗೆ ಬೇಗ ಹೋಗಿ ಕಾಲು ಕೆಜಿ ತಂದು ಮುಂದೆ ಇಟ್ಕೊಂಡು ಬಿಡಿಸಿ, ಎರಡನೇ ದಿನ ಎಸಳು ಅಂಚಲ್ಲಿ ಕಂದುಬಣ್ಣಕ್ಕೆ ತಿರುಗುತ್ತಲ್ಲ, ಆ ಬಣ್ಣ ಹಿಡೀರಿ.

ಒಬ್ಬ ನಿಜವಾದ ಯೋಧನನ್ನ ಬಿಡಿಸೋದಾದ್ರೆ ವಿವರಗಳು ಸರಿ ಇರ್ಬೇಕು, ಅದೇ ಅವರಿಗೆ ಕೊಡೋ ಮರ್ಯಾದೆ. ಜಡ್ಜ್‌ಗಳಲ್ಲಿ ಒಬ್ಬರಾದ್ರೂ ಮಾಜಿ ಸೈನಿಕರು ಇರೋದುಂಟು, ಅವರ ಕಣ್ಣು ಮೊದಲು ಹೋಗೋದೇ ಬೆಲ್ಟು, ಟೋಪಿ, ಗನ್ ಕಡೆಗೆ. 1971ರ ಚಿತ್ರದಲ್ಲಿ ರಫೇಲ್ ಹಾರಿಸಿರೋದನ್ನ ನಾನೇ ನೋಡಿದೀನಿ, ಆಗ ರಾಜಸ್ಥಾನದ ಕಡೆ ಹಾರಿದ್ದು ನಮ್ಮ ಬೆಂಗಳೂರಲ್ಲೇ ಎಚ್‌ಎಎಲ್ ಮಾಡಿದ ಮಾರುತ್ ಯುದ್ಧವಿಮಾನ, ಹಳೇ ಏರ್‌ಪೋರ್ಟ್ ರೋಡಿನ ಎಚ್‌ಎಎಲ್ ಮ್ಯೂಸಿಯಂಗೆ ಹೋದ್ರೆ ಅದನ್ನ ಕಣ್ಣಾರೆ ನೋಡಿ ಬಿಡಿಸ್ಬೋದು. ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರಲ್ಲಿ ಪಾಕಿಸ್ತಾನದ ಸರ್ಗೋಧಾ ವಾಯುನೆಲೆ ಮೇಲಿನ ದಾಳಿಗೆ ಹೋಗಿದ್ದು ಮಿಸ್ಟೀರ್ ವಿಮಾನದಲ್ಲಿ, ಅವರು ಹೊಡೆದು ಉರುಳಿಸಿದ್ದು ತಮ್ಮದಕ್ಕಿಂತ ವೇಗದ ಸ್ಟಾರ್‌ಫೈಟರ್, ಎರಡಕ್ಕೂ ಆಕಾರ ಪೂರ್ತಿ ಬೇರೆ. ಅವರಿಗೆ ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ, 23 ವರ್ಷ ಆದ್ಮೇಲೆ. ಪ್ರಶಸ್ತಿ ಬಂದಿರೋ ಯಾರನ್ನ ಬಿಡಿಸಿದ್ರೂ ಸರ್ಕಾರದ ಗ್ಯಾಲಂಟ್ರಿ ಅವಾರ್ಡ್ಸ್ ವೆಬ್‌ಸೈಟಲ್ಲಿ ಅವರ ಸೈಟೇಶನ್, ಅಂದ್ರೆ ಪ್ರಶಸ್ತಿ ಯಾಕೆ ಕೊಟ್ರು ಅನ್ನೋ ಬರಹ, ಹುಡುಕಿ ಓದಿ, ಹೆಚ್ಚಾಗಿ ಒಂದೇ ಪ್ಯಾರಾ ಇರುತ್ತೆ, ಹಗಲೋ ರಾತ್ರಿಯೋ, ಬೆಟ್ಟವೋ ಬಯಲೋ ಅಂತ ಗೊತ್ತಾದ್ರೆ ನಿಮ್ಮ ಬೆಳಕು ಎಲ್ಲಿಂದ ಬರ್ಬೇಕು ಅನ್ನೋದೂ ಗೊತ್ತಾಗುತ್ತೆ.

ಬಾವುಟದ ವಿಷ್ಯದಲ್ಲಿ ತುಂಬಾ ಜನ ತಪ್ತಾರೆ. ಉದ್ದ ಅಗಲ 3:2 ಇರ್ಬೇಕು, ಚಕ್ರ ನೇವಿ ಬ್ಲೂ, 24 ಕಡ್ಡಿ, ಎಣಿಸಿ ಹಾಕಿ. ಶವಪೆಟ್ಟಿಗೆ ಮೇಲೆ ಹೊದಿಸಿರೋದನ್ನ ಬಿಡಿಸೋದಾದ್ರೆ ಕೇಸರಿ ಭಾಗ ತಲೆ ಕಡೆಗೆ ಬರ್ಬೇಕು, ಧ್ವಜ ಸಂಹಿತೆಯಲ್ಲೇ ಹಾಗಿದೆ. ಬಾವುಟ ಚಿತೆ ಜೊತೆ ಉರಿಯೋ ಹಾಗೆ, ಮಣ್ಣೊಳಗೆ ಇಳಿಸೋ ಹಾಗೆ ಬಿಡಿಸಲೇಬೇಡಿ, ಅದಕ್ಕೂ ಮುಂಚೆ ಮಡಚಿ ತೆಗೀತಾರೆ. ಬಾವುಟದ ಮೇಲೆ ಅಕ್ಷರ ಬರೀಬಾರ್ದು. ಅಶೋಕ ಸ್ತಂಭದ ಲಾಂಛನನ ಅಲಂಕಾರಕ್ಕೆ ಮೂಲೇಲಿ ಹಾಕೋದೂ ಬೇಡ, ಅದರ ಬಳಕೆಗೆ 2005ರ ಕಾನೂನೇ ಇದೆ.

ಇನ್ನು ಬಿಡಿಸೋದು. ಸ್ಟ್ಯಾಂಪ್ ಸೈಜಲ್ಲಿ ಆರು ಸಣ್ಣ ಸ್ಕೆಚ್ ಮಾಡಿ, ಬರೀ ಕಪ್ಪು ಬಿಳುಪು ಬೂದು, ಅದ್ರಲ್ಲಿ ಯಾವುದು ದೂರದಿಂದ ನೋಡಿದ್ರೂ ಅರ್ಥ ಆಗುತ್ತೋ ಅದನ್ನ ದೊಡ್ಡದು ಮಾಡಿ. ಈಗ ಮೊದಲ ಸುತ್ತು ಹೆಚ್ಚಾಗಿ ಫೋಟೋ ನೋಡಿ ಮಾಡೋದು, ಜಡ್ಜ್ ಮೊಬೈಲಲ್ಲಿ ಹೆಬ್ಬೆರಳಷ್ಟು ಸೈಜಲ್ಲಿ ನೋಡಿ ಮುಂದಕ್ಕೆ ಹೋಗ್ತಾರೆ, ಅಷ್ಟರಲ್ಲಿ ಕಣ್ಣು ನಿಲ್ಬೇಕು. ಮಕ್ಳಿಗೆ ಪೋಸ್ಟರ್ ಕಲರ್ ಸಾಕು, ದಪ್ಪ ಕಾರ್ಟ್ರಿಡ್ಜ್ ಶೀಟ್ ಇರ್ಲಿ, 200 ಜಿಎಸ್‌ಎಂಗೆ ಕಮ್ಮಿ ಬೇಡ, ವಾಟರ್ ಕಲರ್ ಆದ್ರೆ 300. ದೊಡ್ಡೋರು ಆಕ್ರಿಲಿಕ್ ತಗೊಳಿ ಅಂತೀನಿ, ಆಯಿಲ್ ಪೇಂಟ್ ಜುಲೈ ಮಳೆಗಾಲದ ಬೆಂಗಳೂರಲ್ಲಿ ವಾರಗಟ್ಲೆ ಒಣಗಲ್ಲ, ಲಾಸ್ಟ್ ಡೇಟ್ ಬಂದ್ರೂ ಅಂಟು ಅಂಟಾಗೇ ಇರುತ್ತೆ. ಆಯಿಲ್ಲೇ ಬೇಕು ಅನ್ನೋರು ಎರಡು ತಿಂಗಳು ಮುಂಚೆ ಮುಗಿಸಿ.

ಮಿಲ್ಟ್ರಿ ಹಸಿರು ಟ್ಯೂಬಿಂದ ಬರಲ್ಲ. ಯೆಲ್ಲೋ ಓಕರ್‌ಗೆ ಸ್ವಲ್ಪ ಕಪ್ಪು ಸೇರಿಸಿ ನೋಡಿ, ಆಲಿವ್ ತಾನಾಗೇ ಬರುತ್ತೆ, ನೆರಳಿಗೆ ಚೂರು ಬರ್ಂಟ್ ಅಂಬರ್. ನಾನು ಜರ್ಸಿ ಬಿಡಿಸುವಾಗ ಒಂದೇ ಹಸಿರಲ್ಲಿ ಪೂರ್ತಿ ತುಂಬಿದ್ದೆ, ಪ್ಲಾಸ್ಟಿಕ್ ಥರ ಕಾಣ್ತಿತ್ತು, ಆಮೇಲೆ ಬಿಸಿಲಿಗೆ ಹಿಡಿದು ನೋಡಿದ್ರೆ ಭುಜದ ಹತ್ರ ಬಣ್ಣ ಹೋಗಿ ಹುಲ್ಲೊಣಗಿದ ಹಾಗಾಗಿತ್ತು, ಕಂಕುಳ ಕಡೆ ಮಾತ್ರ ಹಳೇ ಕಡು ಹಸಿರು ಉಳಿದಿತ್ತು, ಹೊಲಿಗೆಯ ದಾರ ಬಾಟಲ್ ಗ್ರೀನ್, ಮೂರೂ ಬೇರೆ ಬೇರೆ ಮಾಡಿದ್ಮೇಲೆ ಉಣ್ಣೆ ಉಣ್ಣೆ ಥರ ಆಯ್ತು. ಕಪ್ಪು ಟ್ರಂಕಿಗೆ ಬರೀ ಕಪ್ಪು ಹಾಕ್ಬೇಡಿ, ಅಲ್ಟ್ರಾಮರೀನ್ ಜೊತೆ ಬರ್ಂಟ್ ಅಂಬರ್ ಕಲಸಿ, ಜೀವ ಬರುತ್ತೆ. ಆಕ್ರಿಲಿಕ್ ಒಣಗಿದ್ಮೇಲೆ ಒಂದು ಶೇಡ್ ಕಡು ಆಗುತ್ತೆ, ವಾಟರ್ ಕಲರ್ ತಿಳಿ ಆಗುತ್ತೆ, ಪಕ್ಕದಲ್ಲಿ ಚೂರು ಪೇಪರ್ ಇಟ್ಕೊಂಡು ಟೆಸ್ಟ್ ಮಾಡ್ತಾ ಹೋಗಿ. ರಕ್ತ ಎಷ್ಟು ಹಾಕ್ಬೇಕು ಅಂತ ಹುಡುಗರು ಕೇಳ್ತಾರೆ. ನಾನು ಬೇಡ ಅಂತೀನಿ. ಖಾಲಿ ಇರೋ ಒಂದು ಜೊತೆ ಬೂಟು ಅದಕ್ಕಿಂತ ಜಾಸ್ತಿ ಹೇಳುತ್ತೆ.

ಚಿತ್ರದ ಜೊತೆ ನೂರು ನೂರೈವತ್ತು ಪದದ ವಿವರಣೆ ಕೇಳ್ತಾರೆ, ಎಲ್ಲರೂ ಲಾಸ್ಟ್ ನಿಮಿಷದಲ್ಲಿ "ನಮ್ಮ ವೀರ ಯೋಧರ ತ್ಯಾಗ ಬಲಿದಾನವನ್ನು ಈ ಚಿತ್ರ ಬಿಂಬಿಸುತ್ತದೆ" ಅಂತ ಬರ್ದು ಕಳಿಸ್ತಾರೆ. ಅಂಥ ಐವತ್ತು ಓದಿರೋ ಜಡ್ಜ್‌ಗೆ ಐವತ್ತೊಂದನೇದು ಏನೂ ಹೇಳಲ್ಲ. ಮೊದಲು ಕನ್ನಡದಲ್ಲಿ ಬರೀರಿ, ಇಂಗ್ಲಿಷ್ ಬೇಕಂದ್ರೆ ಆಮೇಲೆ ಮಾಡ್ಕೊಳಿ. ನಾನು ಬರೆದಿದ್ದು ಇಷ್ಟೇ: "ಇದು 1971ರಲ್ಲಿ ತೀರಿಕೊಂಡ ನನ್ನ ದೊಡ್ಡಪ್ಪನ ಜರ್ಸಿ. ಅಜ್ಜಿ ಪ್ರತಿ ಮಹಾಲಯ ಅಮಾವಾಸ್ಯೆಗೆ ಎಡೆಯ ಪಕ್ಕ ಇದನ್ನ ಇಡುತ್ತಿದ್ದರು. ಮೊಣಕೈಯ ಹೊಲಿಗೆ ದೊಡ್ಡಪ್ಪ ತಾವೇ ಹಾಕಿಕೊಂಡಿದ್ದು. ಅಜ್ಜಿ ಹೋದಮೇಲೆ ಈಗ ನಮ್ಮಮ್ಮ ಇಡುತ್ತಾರೆ." ಯಾರು, ಏನು, ಯಾಕೆ, ಅಷ್ಟು ಇದ್ರೆ ಸಾಕು. ಮಕ್ಳದ್ದಾದ್ರೆ ಅವರ ಮಾತಲ್ಲೇ ಇರ್ಲಿ, ಅಪ್ಪ ಅಮ್ಮ ತಿದ್ದಿದ್ದು ಗೊತ್ತಾಗುತ್ತೆ, ಚಿತ್ರ ತಿದ್ದಿದ್ದೂ ಗೊತ್ತಾಗುತ್ತೆ, ಹಾಗೇ ಕಂಪ್ಯೂಟರ್ ಎಐ ಹತ್ರ ಚಿತ್ರ ಮಾಡಿಸಿ ಅದನ್ನ ಟ್ರೇಸ್ ಮಾಡೋದು ಖಂಡಿತ ಬೇಡ, ಆರು ಬೆರಳಿನ ಸೈನಿಕನನ್ನ ನಾನೇ ವಾಪಸ್ ಕಳಿಸಿದೀನಿ.

ಫೋಟೋ ತೆಗೆಯೋಕೆ ಬೆಳಗ್ಗೆ ಹತ್ತು ಹನ್ನೊಂದು ಗಂಟೆ ಹೊತ್ತಿಗೆ ವೆರಾಂಡದ ನೆರಳಲ್ಲಿ ಚಿತ್ರನ ಗೋಡೆಗೆ ನೆಟ್ಟಗೆ ನಿಲ್ಸಿ, ಮೋಡ ಇದ್ರೆ ಇನ್ನೂ ಚೆನ್ನಾಗಿ ಬರುತ್ತೆ. ಫೋನ್ ಚಿತ್ರದ ಮಧ್ಯಕ್ಕೆ ಸರಿಯಾಗಿರ್ಲಿ, ಸ್ವಲ್ಪ ಹಿಂದೆ ನಿಂತು 2ಎಕ್ಸ್ ಝೂಮ್ ಮಾಡಿ, ಹತ್ರದಿಂದ ತೆಗೆದ್ರೆ ಅಂಚು ಉಬ್ಬುತ್ತೆ. ಫ್ಲ್ಯಾಶ್ ಬೇಡ, ಫಿಲ್ಟರ್ ಬೇಡ. ಎ3 ಚಿತ್ರನ 300 ಡಿಪಿಐನಲ್ಲಿ ಕೇಳಿದ್ರೆ ಸುಮಾರು 3508 ಇಂಟು 4961 ಪಿಕ್ಸೆಲ್ ಬೇಕು. ಮುಖ್ಯವಾಗಿ, ಫೋಟೋನ ವಾಟ್ಸಾಪಲ್ಲಿ ಒಬ್ಬರಿಂದ ಒಬ್ಬರಿಗೆ ಕಳ್ಸಿ ಅದನ್ನೇ ಅಪ್ಲೋಡ್ ಮಾಡ್ಬೇಡಿ, ಅದು ಕುಗ್ಗಿಸಿಬಿಡುತ್ತೆ, ಕಳಿಸಲೇಬೇಕಂದ್ರೆ ಡಾಕ್ಯುಮೆಂಟ್ ಅಂತ ಕಳ್ಸಿ.

ಒರಿಜಿನಲ್ ಕಳಿಸೋದಾದ್ರೆ ಹಿಂದುಗಡೆ ಪೆನ್ಸಿಲಲ್ಲಿ ಹೆಸರು, ವಯಸ್ಸು, ಶೀರ್ಷಿಕೆ, ಮೀಡಿಯಂ, ಸೈಜು, ಫೋನ್ ನಂಬರು, ಮೇಲೆ ಯಾವ ಕಡೆ ಅಂತ ಒಂದು ಬಾಣ. ಪೆನ್ನು ಬೇಡ, ಮುಂದೆ ಮೂಡುತ್ತೆ. ಆಕ್ರಿಲಿಕ್ ಮೇಲೆ ನೇರವಾಗಿ ಬಬಲ್ ರ‍್ಯಾಪ್ ಸುತ್ತಿದ್ರೆ ಗುಂಡು ಗುಂಡು ಅಚ್ಚು ಬೀಳುತ್ತೆ, ನ್ಯೂಸ್ ಪೇಪರ್ ಸುತ್ತಿದ್ರೆ ಇಂಕ್ ಅಂಟುತ್ತೆ, ಮೊದಲು ಬಟರ್ ಪೇಪರ್, ಆಮೇಲೆ ಎರಡೂ ಕಡೆ ಗಟ್ಟಿ ಕಾರ್ಡ್‌ಬೋರ್ಡು, ಆಮೇಲೆ ಪ್ಲಾಸ್ಟಿಕ್ ಕವರ್. ಕ್ಯಾನ್ವಾಸ್ ಸುತ್ತಿ ಪಿವಿಸಿ ಪೈಪಲ್ಲಿ ಕಳಿಸೋರು ಬಣ್ಣದ ಕಡೆ ಹೊರಗೆ ಬರೋ ಹಾಗೆ ಸುತ್ತಿ. ಪೇಸ್ಟಲ್, ಚಾರ್ಕೋಲ್ ಆದ್ರೆ ಪುಡಿ ಉದುರದ ಹಾಗೆ ಫಿಕ್ಸೇಟಿವ್ ಸ್ಪ್ರೇ ಹೊಡೀರಿ. ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಕೊಳಿ, ಊರಲ್ಲೇ ಆದ್ರೆ ಕೈಯಾರೆ ಕೊಟ್ಟು ಒಂದು ಸಹಿ ತಗೊಳಿ. ಲಾಸ್ಟ್ ಡೇಟ್ ದಿನ ಟ್ರಾಫಿಕ್ಕಲ್ಲಿ ಸಿಕ್ಕಾಕ್ಕೊಂಡು ಕಣ್ಣೀರು ಹಾಕಿದೋರು ನನ್ನ ಕ್ಲಾಸಲ್ಲೇ ಮೂರು ಜನ ಇದ್ದಾರೆ, ಎರಡು ದಿನ ಮುಂಚೆ ಮುಗಿಸಿ.

ಫಾರ್ಮಿನ ಕೊನೆಯ ಸಣ್ಣ ಅಕ್ಷರ ಓದದೆ ಸೈನ್ ಹಾಕ್ಬೇಡಿ. ಒಂದು ಕಡೆ ನನ್ನ ಸ್ಟೂಡೆಂಟ್ ಚಿತ್ರನ ಕ್ಯಾಲೆಂಡರಲ್ಲಿ ಹಾಕ್ಕೊಂಡ್ರು, ಹೆಸರೇ ಇರ್ಲಿಲ್ಲ, ಕೇಳಿದ್ರೆ ಫಾರ್ಮಲ್ಲಿ ಹಕ್ಕು ಕೊಟ್ಟಿದೀರಲ್ಲ ಅಂದ್ರು. ನಮ್ಮ ಕಾಪಿರೈಟ್ ಕಾಯ್ದೆ ಪ್ರಕಾರ ಬಿಡಿಸಿದೋರೇ ಮೊದಲ ಹಕ್ಕುದಾರರು, ಬರವಣಿಗೆಯಲ್ಲಿ ಸೈನ್ ಮಾಡಿ ಕೊಟ್ರೆ ಮಾತ್ರ ಹಕ್ಕು ಬೇರೆಯೋರಿಗೆ ಹೋಗುತ್ತೆ, ಎಷ್ಟು ವರ್ಷಕ್ಕೆ ಅಂತ ಬರ್ದಿಲ್ಲ ಅಂದ್ರೆ ಐದು ವರ್ಷ ಅಂತ ಲೆಕ್ಕ. ಹಕ್ಕು ಕೊಟ್ಮೇಲೂ ಇದು ನನ್ನ ಕೃತಿ ಅಂತ ಹೇಳ್ಕೊಳೋ ಹಕ್ಕು ಹೋಗಲ್ಲ. ಪ್ರದರ್ಶನಕ್ಕೆ, ಅವರ ವೆಬ್‌ಸೈಟಿಗೆ ಬಳಸ್ತೀವಿ ಅಂದ್ರೆ ಕೊಡಿ, ಒಳ್ಳೇದೇ, ಪೂರ್ತಿ ಹಕ್ಕು ಅಂತಿದ್ರೆ ಫೋನ್ ಮಾಡಿ ಕೇಳಿ, ಹೆಸರು ಹಾಕ್ತೀರಾ ಅಂತ ಮೊದಲೇ ಕೇಳಿ.

ರಿಸಲ್ಟ್ ಏನೇ ಬರ್ಲಿ, ಚಿತ್ರ ವಾಪಸ್ ತಗೊಂಡು ಬನ್ನಿ, ತುಂಬಾ ಕಡೆ ಒಂದು ತಿಂಗಳು ಇಟ್ಟು ಆಮೇಲೆ ಬಿಸಾಕ್ತಾರೆ. ಯಾರ ನೆನಪಿಗೆ ಬಿಡಿಸಿದ್ರೋ ಅವರ ಮನೆಯೋರು ಗೊತ್ತಿದ್ರೆ ಒಂದು ಒಳ್ಳೆ ಪ್ರಿಂಟ್ ತೆಗೆಸಿ ಕೊಟ್ಟು ಬನ್ನಿ, ಹೋಗೋ ಮುಂಚೆ ಫೋನ್ ಮಾಡಿ, ಒಪ್ಪಿದ್ರೆ ಮಾತ್ರ ಹೋಗಿ. ನಂದು ಈಗ ಊರಲ್ಲಿ ಟ್ರಂಕ್ ಮೇಲಿನ ಗೋಡೆಯಲ್ಲಿದೆ. ಈ ಸಲ ಮಹಾಲಯ ಅಮಾವಾಸ್ಯೆಗೆ ಅಮ್ಮ ಜರ್ಸಿ ಜೊತೆ ಅದನ್ನೂ ಕೆಳಗಿಳಿಸಿ ಒರೆಸಿ ಎಡೆ ಪಕ್ಕ ಇಟ್ಟಿದ್ರು.